ಮಂಗ ಬಿದ್ದು ಎಷ್ಟು ಹೊತ್ತಾಯ್ತು?

ಹೋದ ವಾರ ಕೊನೆಯ ಬಿಲ್ಲು ಕೊಟ್ಟು ಬಂದೆ. ಡೀಸೆಲ್ಲು, ಸೌದೆ, ಐಸ್ ಪ್ಯಾಕು, ಎರಡು ಜೊತೆ ಗಂಬೂಟು. ಒಂದು ಗಂಬೂಟಿನ ರಸೀದಿ ಮಳೆಯಲ್ಲಿ ನೆಂದು ಅಕ್ಷರ ಅಳಿಸಿಹೋಗಿತ್ತು. ಆ 480 ರೂಪಾಯಿ ನನ್ನ ತಲೆಗೇ ಬಂತು. ಅಲ್ಲಿಗೆ ಮಂಗನ ಕಾಯಿಲೆಯ ಸಂಶೋಧನಾ ತಂಡದಲ್ಲಿ ನನ್ನ ಒಂದೂವರೆ ವರ್ಷದ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಮುಗಿಯಿತು. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ಜೂನಿಯರ್‌ಗಳು ಆಗಾಗ ಮೆಸೇಜ್ ಮಾಡುತ್ತಾರೆ, "ಅಕ್ಕಾ, ಇಂಥ ಕೆಲಸಕ್ಕೆ ಸೇರ್ಬೋದಾ?" ಅಂತ. ಒಬ್ಬೊಬ್ಬರಿಗೂ ವಾಯ್ಸ್ ನೋಟ್ ಕಳಿಸಿ ಸಾಕಾಗಿದೆ. ಆದ್ದರಿಂದ ಎಲ್ಲ ಇಲ್ಲೇ ಬರೆಯುತ್ತೇನೆ. ಉದ್ದವಾಗುತ್ತದೆ, ಆಗಲಿ.

ಕೆಲಸ ಸಿಕ್ಕ ಸುದ್ದಿ ಹೇಳಿದ ದಿನ ಅಮ್ಮ ಕೊಟ್ಟಿಗೆಗೆ ದರಕು (ಒಣಗಿದ ತರಗೆಲೆ) ಹರಡುತ್ತಿದ್ದಳು. "ಮಂಗನ ಕಾಯಿಲೆ ಬರ್ದೇ ಇರ್ಲಿ ಅಂತ ಜನ ಹರಕೆ ಹೊತ್ಕತಾರೆ, ನೀನು ಹುಡುಕ್ಕಂಡು ಹೋಗ್ತೀಯಲ್ಲೇ" ಎಂದಳು. ನಮ್ಮದು ಹೊಸನಗರದ ಕಡೆಯ ಹಳ್ಳಿ. ಡಿಸೆಂಬರ್ ಬಂತೆಂದರೆ ಕಾಡಿಗೆ ಹೋಗಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ. ಆದರೆ ದರಕು ತರುವುದೂ ಅದೇ ತಿಂಗಳುಗಳಲ್ಲಿ, ಅಡಿಕೆ ಕೊನೆ ಕೊಯ್ಯುವುದೂ ಅದೇ ತಿಂಗಳುಗಳಲ್ಲಿ. ಈ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಮರಿಗಳು ತರಗೆಲೆಯ ಮೇಲೆ ಕಾದು ಕೂರುವುದೂ ಆಗಲೇ.

ಗೊತ್ತಿಲ್ಲದವರಿಗೆ ಹಿನ್ನೆಲೆ ಸ್ವಲ್ಪ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲ ಹಳ್ಳಿಯವರಿಗೆ ಜ್ವರ ಬಂತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರಕ್ಕೆ ಮಂಗಗಳು ಸಾಯುತ್ತವೆ. ಅದೇ ಭಾರತಕ್ಕೂ ಕಾಲಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಟೆಲ್ಫೋರ್ಡ್ ವರ್ಕ್ ಆಗ ಅಲ್ಲಿನ ನಿರ್ದೇಶಕರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಬೇರೆಯೇ ವೈರಸ್ಸು. ಉಣುಗಿನಿಂದ ಹರಡುವಂಥದ್ದು, ರಷ್ಯಾದ ಕಡೆಯ ಕೆಲವು ವೈರಸ್‌ಗಳ ದಾಯಾದಿ. ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಬಂತೋ ಏನೋ ಎಂಬ ಅನುಮಾನದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೂಡ ಹಕ್ಕಿ ಹಿಡಿದು ನೋಡಿತು. ಮನುಷ್ಯರಿಗೆ ತಗುಲಿದರೆ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಎಷ್ಟು ಜೀವ ತೆಗೆಯಿತೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ನಮ್ಮ ತಂಡದ ಪ್ರಶ್ನೆ ಕೇಳುವುದಕ್ಕೆ ಸುಲಭ. ಸತ್ತ ಮಂಗಗಳ ಲೆಕ್ಕ ಎಲ್ಲರೂ ಇಡುತ್ತಾರೆ. ಸಾಯದೆ ಉಳಿದವುಗಳ ಕಥೆ ಏನು? ಒಂದು ಗುಂಪಿನಲ್ಲಿ ಎಷ್ಟಕ್ಕೆ ರೋಗ ಬಂದು ಹೋಗಿದೆ, ಎಷ್ಟರ ರಕ್ತದಲ್ಲಿ ಪ್ರತಿಕಾಯಗಳಿವೆ, ರೋಗ ಕಾಣದ ಎಳೆಯ ಮರಿಗಳು ಎಷ್ಟು? ಇದು ತಿಳಿದರೆ ಮುಂದಿನ ವರ್ಷ ಯಾವ ಕಾಡಿನ ಮಂಗಗಳು ಬೀಳಬಹುದು, ಅಂದರೆ ಸಾಯಬಹುದು ಎಂದು ಊಹಿಸಲು ಒಂದು ದಾರಿ. ಕೇಳುವುದಕ್ಕೆ ಸುಲಭ ಎಂದೆ. ಈಗ ಕಾಗದಪತ್ರದ ಕಥೆಗೆ ಬರುತ್ತೇನೆ.

ನಾನು ಸೇರಿದ್ದು ಜನವರಿಯಲ್ಲಿ. ಆ ವರ್ಷದ ಸೀಸನ್ ಕಣ್ಣೆದುರೇ ನಡೆಯುತ್ತಿತ್ತು, ನಾವು ಫೈಲು ಜೋಡಿಸುತ್ತಿದ್ದೆವು. ಕಾಡುಪ್ರಾಣಿಯ ಮೈ ಮುಟ್ಟಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇರೆ, ಮನುಷ್ಯರ ರಕ್ತ ತೆಗೆಯಲು ಇನ್ನೊಂದು ಎಥಿಕ್ಸ್ ಸಮಿತಿ, ಜೈವಿಕ ಸುರಕ್ಷತೆಗೆ ಮತ್ತೊಂದು. ಒಂದು ಸಮಿತಿ ಇನ್ನೊಂದರ ಪತ್ರ ಕೇಳುತ್ತದೆ, ಇನ್ನೊಂದು ಮೊದಲನೆಯದರ ಪತ್ರ ಕೇಳುತ್ತದೆ. ಇದರಲ್ಲಿ ಕಚೇರಿಗಳನ್ನೇ ದೂರಲಾರೆ. ನಮ್ಮ ಮೊದಲ ಅರ್ಜಿಯಲ್ಲಿ ಜಾಗದ ನಕ್ಷೆಯೇ ಇರಲಿಲ್ಲ, "ಶಿವಮೊಗ್ಗ ಜಿಲ್ಲೆ" ಎಂದಷ್ಟೇ ಬರೆದಿದ್ದೆವು. ವಾಪಸ್ ಬಂತು. ಸರ್ವೆ ನಂಬರ್ ಸಮೇತ ಬರೆದ ಮೇಲೆ ಮುಂದೆ ಹೋಯಿತು.

ಇಲ್ಲಿ ನಾವು ಮಾಡಿದ ದೊಡ್ಡ ತಪ್ಪನ್ನು ಗಮನಿಸಿ. ಅನುಮತಿ ಪತ್ರಕ್ಕೆ ಏಪ್ರಿಲ್ 1ರ ದಿನಾಂಕ ಬಿತ್ತು, ಅವಧಿ ಒಂದು ವರ್ಷ. ಪತ್ರ ನಮ್ಮ ಕೈಗೆ ಬಂದಿದ್ದು ಜೂನ್‌ನಲ್ಲಿ. ಪ್ರಾಣಿ ಎಥಿಕ್ಸ್ ಒಪ್ಪಿಗೆ ಸಿಕ್ಕಿದ್ದು ಅಕ್ಟೋಬರ್ ಕೊನೆಗೆ. ಕಾಡಿಗೆ ಕಾಲಿಟ್ಟಿದ್ದು ಡಿಸೆಂಬರ್‌ಗೆ. ಅಂದರೆ ಒಂದು ವರ್ಷದ ಅನುಮತಿಯಲ್ಲಿ ನಮಗೆ ದಕ್ಕಿದ್ದು ನಾಲ್ಕೇ ತಿಂಗಳು, ಮಾರ್ಚ್ 31ಕ್ಕೆ ಮುಗಿಯಿತು. ರೋಗಕ್ಕೆ ಆರ್ಥಿಕ ವರ್ಷ ಗೊತ್ತಿಲ್ಲ, ಅದು ಮೇ ತನಕ ಇರುತ್ತದೆ. ಅರ್ಜಿ ಬರೆಯುವವರು "ಡಿಸೆಂಬರ್‌ನಿಂದ ಮುಂದಿನ ಮೇ ಅಂತ್ಯದವರೆಗೆ" ಎಂದು ತಿಂಗಳ ಹೆಸರು ಹಾಕಿಯೇ ಕೇಳಿ. ಈ ಒಂದು ಸಾಲು ಬರೆಯದೆ ನಾವು ಏನು ಕಳೆದುಕೊಂಡೆವೆಂದು ಆಮೇಲೆ ಹೇಳುತ್ತೇನೆ.

ಫೀಲ್ಡಿಗೆ ಹೋಗುವ ಮುನ್ನ ಲಸಿಕೆ ಹಾಕಿಸಿಕೊಳ್ಳೋಣ ಎಂದುಕೊಂಡಿದ್ದೆ. ಲಸಿಕೆ ಇಲ್ಲ. ಅಪ್ಪನಿಗೆ ಹಾಕಿದ್ದ ಹಳೆಯ ಲಸಿಕೆ 2022ರಿಂದ ನಿಂತಿದೆ, ಅದರ ಸಾಮರ್ಥ್ಯ ಕುಂದಿತ್ತು. 2005ರಿಂದ 2010ರ ನಡುವಿನ ಅಂಕಿಅಂಶ ನೋಡಿದ ಅಧ್ಯಯನವೊಂದರ ಪ್ರಕಾರ ಎರಡು ಡೋಸಿಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ. ಬೂಸ್ಟರ್ ತನಕ ಹೋದವರು ಕಡಿಮೆ, ಯಾಕೆಂದರೆ ಆ ಸೂಜಿ ಕೊಡುವ ನೋವು ಎರಡು ದಿನ ತೋಳು ಎತ್ತಲು ಬಿಡುತ್ತಿರಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾನೆ. ಹೊಸ ಲಸಿಕೆಯ ಕೆಲಸ ನಡೆದಿದೆ. ನಾನು ಹೋಗುವ ಹೊತ್ತಿಗೆ ಇದ್ದದ್ದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಮಾತ್ರ.

ಎಣ್ಣೆ ಬಗ್ಗೆ ಎರಡು ಮಾತು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಕೈಕಾಲು, ಕುತ್ತಿಗೆ, ಸೊಂಟದ ಸುತ್ತ ಹಚ್ಚಬೇಕು, ಬೆವರಿದರೆ ಮತ್ತೆ ಹಚ್ಚಬೇಕು. ತಿಳಿಬಣ್ಣದ ಪ್ಯಾಂಟು, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಸಂಜೆ ಬಂದು ಬಿಸಿನೀರು ಸ್ನಾನ, ಬಟ್ಟೆ ಕುದಿನೀರಿಗೆ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಗಂಡಸರು ಒಬ್ಬರ ಬೆನ್ನು ಒಬ್ಬರು ನೋಡುತ್ತಿದ್ದರು. ತಂಡದಲ್ಲಿ ನಾನೊಬ್ಬಳೇ ಹೆಂಗಸು. ತೀರ್ಥಹಳ್ಳಿಯ ಸಂತೆಯಲ್ಲಿ 60 ರೂಪಾಯಿ ಕೊಟ್ಟು ಉದ್ದ ಹಿಡಿಯ ಕನ್ನಡಿ ತಂದುಕೊಂಡೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಉಪಯೋಗವಾದ ಉಪಕರಣ ಅದು, ಬಿಲ್ಲಿನಲ್ಲಿ ಸೇರಿಸಲು ನಾಚಿಕೆಯಾಯಿತು. ನೀವು ನಾಚಬೇಡಿ.

ಡಿಸೆಂಬರ್ ಪೂರ್ತಿ ಉಣುಗು ಹಿಡಿಯುವುದೇ ಕೆಲಸ. ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆಗೆ ಕೋಲು ಕಟ್ಟಿ ತರಗಿನ ಮೇಲೆ ಎಳೆಯುತ್ತಾ ಹೋಗುವುದು, ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡುವುದು, ಚಿಮುಟದಲ್ಲಿ ಹೆಕ್ಕಿ ಶೀಶೆಗೆ ಹಾಕುವುದು. ಸೊಪ್ಪಿನ ಬೆಟ್ಟಕ್ಕೆ ಬಂದ ಹೆಂಗಸರು ನಿಂತು ನೋಡಿ, "ಕಾಡು ಒರೆಸ್ತೀರಾ?" ಎಂದು ನಗುತ್ತಿದ್ದರು. ನಾವು ಬಟ್ಟೆ ಎಳೆದು ಹಿಡಿಯುತ್ತಿದ್ದುದನ್ನು ಅವರು ಬರಿಗಾಲಲ್ಲಿ ಹಿಡಿಯುತ್ತಿದ್ದರು.

ಮೊದಲ ಫೋನು ಬಂದಿದ್ದು ಜನವರಿ ಎರಡನೇ ವಾರ. ಮುಸುವ (ಕಪ್ಪು ಮೂತಿಯ ಮಂಗ) ಬಿದ್ದಿದೆ ಎಂದು ಪಕ್ಕದ ತೋಟದವರು ಹೇಳಿದ್ದು, ತೋಟದ ಯಜಮಾನರಲ್ಲ. ಹೋಗುವಷ್ಟರಲ್ಲಿ ಹುಳ ಬಿದ್ದಿತ್ತು. ಯಾರೋ ಅದನ್ನು ಕೋಲಿನಿಂದ ಕಪ್ಪಿಗೆ (ತೋಟದ ಕಾಲುವೆಗೆ) ತಳ್ಳಿ ಮೇಲೆ ಅಡಿಕೆ ಸೋಗೆ ಮುಚ್ಚಿದ್ದರು. ಪಶುವೈದ್ಯರು ಒಮ್ಮೆ ನೋಡಿ ತಲೆಯಾಡಿಸಿದರು. ಕೊಳೆತ ದೇಹದಲ್ಲಿ ವೈರಸ್ಸಿನ ಗುರುತು ಉಳಿಯುವುದು ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ಮಂಗದ ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಮೂರು ದಿನದ ಹಿಂದೆ ಬಿದ್ದ ಮಂಗ ಎಂದರೆ ಮೂರು ದಿನದಿಂದ ಆ ಕಪ್ಪಿನ ಬದಿಯಲ್ಲಿ ಓಡಾಡಿದವರೆಲ್ಲ ಲೆಕ್ಕಕ್ಕೆ ಬಂದರು.

ಯಜಮಾನರು ಅರವತ್ತು ದಾಟಿದವರು. ಸಿಟ್ಟಿಗೇಳಲಿಲ್ಲ, ಕೂರಿಸಿ ಪುನರ್ಪುಳಿ ಪಾನಕ ಕೊಟ್ಟರು. ಆಮೇಲೆ ಹೇಳಿದರು, "ನೋಡಿ ತಂಗಿ, ಹೇಳಿದ್ರೆ ನೀವು ಸುತ್ತ ಪುಡಿ ಹಾಕ್ತೀರಿ, ಗೇಟಿಗೆ ಬೋರ್ಡು ಹಾಕ್ತೀರಿ. ಮರುದಿನ ಅಡಿಕೆ ಕೊಯ್ಯೋ ಕೊನೆಗಾರ ಬರೋದಿತ್ತು. ಬೋರ್ಡು ಕಂಡ್ರೆ ಬರ್ತಾನಾ? ವರ್ಷದ ಅಡಿಕೆ ಹಣ್ಣಾಗಿ ಉದುರಿದ ಮೇಲೆ ನಿಮ್ಮ ರಿಪೋರ್ಟು ಸುಲ್ಕಂಡು ತಿನ್ಲಾ?" ಸ್ವಲ್ಪ ಸುಮ್ಮನಿದ್ದು, "ರಿಪೋರ್ಟು ಅಂದ್ನಲ್ಲ, ಅದನ್ನಾದ್ರೂ ಯಾರು ಕೊಟ್ಟಿದಾರೆ? ನಾಲ್ಕು ವರ್ಷದ ಹಿಂದೆ ಒಂದು ಬಿದ್ದಿತ್ತು, ಕೊಯ್ದು ತಗಂಡು ಹೋದ್ರು. ಅದಕ್ಕೆ ಕಾಯಿಲೆ ಇತ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ" ಎಂದರು.

ಆ ಯಜಮಾನರ ಮಾತು ಕೇಳಿಸಿಕೊಳ್ಳುವ ತನಕ ನಮ್ಮ ಸಮಸ್ಯೆ ಅನುಮತಿ, ಉಪಕರಣ, ದುಡ್ಡು ಎಂದೇ ತಿಳಿದಿದ್ದೆ. ನಿಜವಾಗಿ ಎಲ್ಲ ನಿಂತಿದ್ದುದು ಮಂಗ ಬಿದ್ದ ಗಳಿಗೆಗೂ ಯಾರಾದರೂ ಫೋನೆತ್ತುವ ಗಳಿಗೆಗೂ ನಡುವಿನ ಹೊತ್ತಿನ ಮೇಲೆ. ಆ ಹೊತ್ತನ್ನು ಗಡಿಯಾರದಿಂದ ಕಡಿಮೆ ಮಾಡಲು ಆಗುವುದಿಲ್ಲ.

ತಂಡದಲ್ಲಿ ಚರ್ಚೆಯಾಯಿತು, ಸ್ವಲ್ಪ ಜಗಳವೂ ಆಯಿತು. ಕೊನೆಗೆ ನಾವು ಬದಲಿಸಿಕೊಂಡದ್ದು ಹೀಗೆ. ಜೀಪು ಮನೆ ಮುಂದೆ ನಿಲ್ಲಿಸುವುದಿಲ್ಲ, ರಸ್ತೆಯ ತಿರುವಿನಲ್ಲಿ. ಪಿಪಿಇ ಉಡುಪು ಹಾಕುವುದು ಶವದ ಹತ್ತಿರ ಹೋದ ಮೇಲೆ, ಊರ ನಡುವೆ ಬಿಳಿ ಭೂತಗಳಂತೆ ಮೆರವಣಿಗೆ ಹೋಗುವುದಿಲ್ಲ. ಸುಡಲು ಸೌದೆ, ಡೀಸೆಲ್ ನಮ್ಮದೇ. ಹಿಂದೆ ಅದನ್ನು ತೋಟದವರ ಹತ್ತಿರವೇ ಕೇಳುವ ರೂಢಿಯಿತ್ತಂತೆ. ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹಾಕುವುದನ್ನು ಬಿಡುವಂತಿಲ್ಲ, ಆದರೆ ಎಲ್ಲಿಂದ ಎಲ್ಲಿಯವರೆಗೆ, ಯಾವ ಬದಿಯಲ್ಲಿ ಕೆಲಸ ಮಾಡಬಹುದು ಎಂದು ಕೊನೆಗಾರರಿಗೆ ನಾವೇ ನಿಂತು ಹೇಳುತ್ತೇವೆ, ಅವರಿಗೂ ಎಣ್ಣೆ ಕೊಡುತ್ತೇವೆ. ರಿಪೋರ್ಟು ಬಂದ ದಿನವೇ ತೋಟದವರಿಗೆ ನಾನು ಫೋನ್ ಮಾಡುತ್ತೇನೆ. ನೆಗೆಟಿವ್ ಬಂದರೂ ಸರಿ.

ಈ ಕೊನೆಯದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಮಾಡಬಹುದೇ ಎಂದು ಕೇಳಿ ಒಪ್ಪಿಗೆ ಪಡೆಯಲು ಹತ್ತು ದಿನ ಹಿಡಿಯಿತು. ಕೇಳದೆ ಮಾಡಬೇಡಿ, ಆದರೆ ಕೇಳದೆ ಬಿಡಲೂ ಬೇಡಿ.

ಜನವರಿ ಕೊನೆಗೆ ಒಂದು ಕೆಂಪು ಮೂತಿ ಮಂಗ ಸಿಕ್ಕಿತು, ಬೆಳಿಗ್ಗೆ ಬಿದ್ದದ್ದು, ಹತ್ತು ಗಂಟೆಗೆ ನಾವು ಅಲ್ಲಿ. ಪಶುವೈದ್ಯರು ಕೊಯ್ಯುವುದು, ನಾನು ಟ್ಯೂಬು ಹಿಡಿಯುವುದು, ಲೇಬಲ್ ಬರೆಯುವುದು. ಮಿದುಳು, ಶ್ವಾಸಕೋಶ, ಯಕೃತ್ತು, ಗುಲ್ಮ, ಮೂತ್ರಪಿಂಡ. ಎರಡು ಪದರ ಕೈಗವಸಿನೊಳಗೆ ಬೆವರು ಕೊಳದಂತೆ ನಿಂತಿರುತ್ತದೆ, ಪೆನ್ನು ಜಾರುತ್ತದೆ. ಲೇಬಲ್‌ಗಳನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಮಂಗವನ್ನು ಎತ್ತಿ ಚಿತೆಗೆ ಇಡುವಾಗ ಬಾಯಿಂದ ಬಾಳೆಕಾಯಿಯ ಚೂರೊಂದು ಉದುರಿತು. ಕೆನ್ನೆಚೀಲದಲ್ಲಿ ಆಮೇಲೆ ತಿನ್ನೋಣ ಎಂದು ಇಟ್ಟುಕೊಂಡದ್ದು. ನನಗೆ ಅಳು ಬರಲಿಲ್ಲ, ಬಂದಿದ್ದರೂ ಮುಖಗವಸಿನೊಳಗೆ ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಆದರೆ ಆ ರಾತ್ರಿ ಊಟಕ್ಕೆ ಬಾಳೆಕಾಯಿ ಪಲ್ಯ ಮಾಡಿದ್ದರು, ಎದ್ದು ಹೋದೆ.

ಮಾದರಿಗಳನ್ನು ಮೂರು ಪದರದ ಡಬ್ಬಿಯಲ್ಲಿಟ್ಟು ಐಸ್ ಪ್ಯಾಕ್ ಜೊತೆ ಅದೇ ದಿನ ಸಾಗಿಸಬೇಕು. ಒಮ್ಮೆ ಘಾಟಿಯಲ್ಲಿ ಮರ ಬಿದ್ದು ನಾಲ್ಕು ಗಂಟೆ ನಿಂತೆವು. ಹತ್ತಿರದ ಹಾಲಿನ ಡೇರಿಯವರು ಪಾಪ, "ನಮ್ಮ ಫ್ರಿಜ್ಜಲ್ಲಿ ಇಡಿ" ಎಂದರು. ಅನ್ನ ನೀರು ಇಡುವ ಫ್ರಿಜ್ಜಿನಲ್ಲಿ ಇದನ್ನು ಯಾವತ್ತೂ ಇಡಬಾರದು, ಯಾರು ಎಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದರೂ. ಈ ವೈರಸ್ಸನ್ನು ಜೀವಂತ ಬೆಳೆಸಿ ನೋಡುವ ಕೆಲಸ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಬಿಎಸ್‌ಎಲ್-4ರಂಥ ಅತಿ ಬಿಗಿ ಸುರಕ್ಷತೆಯ ಪ್ರಯೋಗಾಲಯಕ್ಕೆ ಸೇರಿದ್ದು. ನಮ್ಮಂಥವರು ಹೊರುವವರು ಅಷ್ಟೆ. ಹೊರುವವರು ಹೊರುವವರಂತೆ ಇದ್ದರೆ ಕ್ಷೇಮ.

ಬದುಕಿರುವ ಮಂಗಗಳ ರಕ್ತ? ಅದಕ್ಕೆ ಸಿಕ್ಕಿದ್ದು ಒಂದೇ ದಿನ. ತೋಟಗಳ ಕಾಟ ತಡೆಯಲು ಹಿಡಿಸಿದ್ದ ಕೆಂಪು ಮೂತಿ ಮಂಗಗಳನ್ನು ಬೇರೆಡೆ ಬಿಡುವ ಮುನ್ನ, ಅರಣ್ಯ ಸಿಬ್ಬಂದಿಯ ಎದುರು, ವೈದ್ಯರು ಮಂಪರು ಕೊಟ್ಟು ತೊಡೆಯ ರಕ್ತನಾಳದಿಂದ ತೆಗೆದರು. ಒಂಬತ್ತು ಮಂಗ, ಒಂಬತ್ತು ಟ್ಯೂಬು. ಜನ ಸೇರಿದರು. "ಹನುಮಪ್ಪನ ರಕ್ತ ಹೀರ್ತಾರೆ" ಎಂದು ಒಬ್ಬರು, "ತೆಗೀಲಿ ಬಿಡಿ, ನಮ್ದು ಅವು ಹೀರಿದ್ದು ಕಮ್ಮಿನಾ" ಎಂದು ಬಾಳೆ ಹೋದ ಇನ್ನೊಬ್ಬರು. ಒಬ್ಬ ಅಜ್ಜಿ ಬೆಲ್ಲ ತಂದು ಬೋನಿನ ಮುಂದೆ ಇಟ್ಟು ಕೈಮುಗಿದು ಹೋದರು. ಸೀರಮ್ ಬೇರೆ ಮಾಡುವ ಹೊತ್ತಿಗೆ ಕರೆಂಟು ಹೋಯಿತು, ಜನರೇಟರಿಗೆ 1,200 ರೂಪಾಯಿ. ಮುಸುವಗಳು ಮಾತ್ರ ಬೋನಿನ ಹತ್ತಿರವೂ ಸುಳಿಯಲಿಲ್ಲ. ಇಡೀ ಸೀಸನ್ನಿನಲ್ಲಿ ಜೀವಂತ ಮುಸುವದ ರಕ್ತ ಒಂದು ಹನಿ ಸಿಗಲಿಲ್ಲ. ಪ್ರಾಜೆಕ್ಟು ಬರೆಯುವವರು ಇದನ್ನು ಮೊದಲೇ ಯೋಚಿಸಿ. ಹಿಕ್ಕೆ ಹೆಕ್ಕಿ ತಂದರೆ ಸಾಕು ಎನ್ನುವವರಿದ್ದಾರೆ. ರಕ್ತ ಹೇಳುವಷ್ಟು ಸ್ಪಷ್ಟವಾಗಿ ಹಿಕ್ಕೆ ಹೇಳುವುದಿಲ್ಲ.

ಫೆಬ್ರವರಿ ಮೂರನೇ ವಾರ ನನಗೇ ಜ್ವರ ಬಂತು. ಸೊಂಟದ ಹತ್ತಿರ ಉಣುಗು ಕಿತ್ತು ಐದನೇ ದಿನ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಎಂದು ಊರೂರಲ್ಲಿ ಪಾಠ ಹೇಳಿದವಳು ನಾನೇ, ಬೆರಳು ಮಡಚಿ ಲೆಕ್ಕ ಹಾಕಿದೆ. ತಲೆಯೊಳಗೆ ಭತ್ತ ಕುಟ್ಟಿದಂತೆ, ಮಾಂಸಖಂಡ ಹಿಂಡಿದಂತೆ. ತಾಲೂಕು ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ್ದು "ಜ್ವರ ಶುರುವಾದ ತಾರೀಖು ಯಾವುದು?" ಎಂದು. ಇದನ್ನು ಬರೆದಿಟ್ಟುಕೊಳ್ಳಿ, ಪೇಷಂಟಿಗೂ ಬರೆದಿಡಲು ಹೇಳಿ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಆಮೇಲಿನ ದಿನಗಳಲ್ಲಿ ಪ್ರತಿಕಾಯ ನೋಡುವ ಎಲಿಸಾ. ತಾರೀಖು ತಪ್ಪಿದರೆ ಸರಿಯಾದ ಪರೀಕ್ಷೆಯೂ ತಪ್ಪುತ್ತದೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವೇ ನುಂಗಬೇಡಿ, ರಕ್ತಸ್ರಾವದ ಭಯವಿರುತ್ತದೆ.

ರಕ್ತ ಶಿವಮೊಗ್ಗಕ್ಕೆ ಹೋಯಿತು. ಮೂರು ದಿನ. ನಾನು ಎಷ್ಟು ಮನೆಗಳಿಗೆ "ಮೂರು ದಿನದಲ್ಲಿ ಬರುತ್ತೆ" ಎಂದು ಸಲೀಸಾಗಿ ಹೇಳಿದ್ದೇನೋ. ಅಮ್ಮ ಹತ್ತಿರ ಬರಲು ಹೆದರಿ ಆಮೇಲೆ ಹೆದರಿದ್ದಕ್ಕೆ ಅತ್ತಳು. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದು ನಾನು ಹೇಳಿದ್ದನ್ನು ನಂಬಲಿಲ್ಲ, ಆಶಾ ಕಾರ್ಯಕರ್ತೆ ಹೇಳಿದ ಮೇಲೆ ನಂಬಿದಳು.

ಈ ಮಧ್ಯೆ ನಮ್ಮ ತಂಡದವರು ಬಂದು, ನನ್ನ ರಕ್ತವನ್ನೂ ಅಧ್ಯಯನಕ್ಕೆ ಸೇರಿಸಬಹುದೇ ಎಂದು ಕೇಳಿದರು. ಮಂಗಗಳ ಜೊತೆ ಮನುಷ್ಯರ ಮಾದರಿಯನ್ನೂ ನೋಡುತ್ತಿದ್ದೆವಲ್ಲ. ನಾನೇ ಟೈಪು ಮಾಡಿದ್ದ ಒಪ್ಪಿಗೆ ಪತ್ರ ನನ್ನ ಕೈಗೆ ಬಂತು. ಎರಡನೇ ಪುಟದಲ್ಲಿ ಒಂದು ಸಾಲಿದೆ: ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ, ಹೌದು, ಇಲ್ಲ. ಹಳ್ಳಿಗಳಲ್ಲಿ ಆ ಸಾಲು ಬಂದಾಗ ನಾನು ಬಾಯಲ್ಲಿ ಬೇಗ ಬೇಗ ಓದಿ, "ಹೌದು ಅಲ್ವಾ?" ಎಂದು ನಾನೇ ಗುರುತು ಹಾಕುತ್ತಿದ್ದೆ. ಮಲಗಿಕೊಂಡು ಓದಿದಾಗ ಅದು ಸಣ್ಣ ಸಾಲಲ್ಲ ಎನಿಸಿತು. ಎಷ್ಟು ವರ್ಷ? ಯಾರ ಹತ್ತಿರ? ಬೇಡ ಅಂದರೆ ಚಿಕಿತ್ಸೆಗೆ ತೊಂದರೆಯಾ? ನಾನು "ಹೌದು" ಎಂದೇ ಹಾಕಿದೆ. ಗುಣವಾದ ಮೇಲೆ ಹಳೆಯ 41 ಮನೆಗಳಿಗೆ ಮತ್ತೆ ಹೋಗಿ ಆ ಒಂದು ಸಾಲನ್ನು ನಿಧಾನಕ್ಕೆ ಓದಿ ಹೇಳಿದೆ. ಆರು ಜನ "ಹಂಗಾದ್ರೆ ಬೇಡ" ಎಂದರು, ತೆಗೆಸಿದೆವು. ಮೇಲಿನವರಿಗೆ ಇದು ಸರಿಬರಲಿಲ್ಲ. ಪೆಟ್ರೋಲು ನನ್ನದೇ.

ನನ್ನ ರಿಪೋರ್ಟು ನೆಗೆಟಿವ್ ಬಂತು, ಎರಡನೇ ಸಲದ ಎಲಿಸಾ ಕೂಡ. ಯಾವ ಜ್ವರವೋ ಏನೋ, ಎಂಟು ದಿನಕ್ಕೆ ಬಿಟ್ಟಿತು. ಅಮ್ಮ ಸಿಗಂದೂರಿಗೆ ಹೋಗಿ ಬಂದಳು. ನನಗೆ ಸಮಾಧಾನದ ಜೊತೆಗೆ ಎಲ್ಲೋ ಒಂದು ಸಣ್ಣ ನಿರಾಸೆಯೂ ಆಯಿತು, ಹೇಳಿಕೊಳ್ಳಲು ನಾಚಿಕೆ. ಒಂದು ಒಳ್ಳೆಯ ಮಾದರಿ ಕೈತಪ್ಪಿತಲ್ಲ ಎಂದು. ಒಂದು ವರ್ಷ ಈ ಕೆಲಸದಲ್ಲಿದ್ದರೆ ತಲೆ ಹೀಗಾಗುತ್ತದೆ.

ಮಾರ್ಚ್‌ನಲ್ಲಿ ಫೋನುಗಳು ಹೆಚ್ಚಾದವು. ರಿಪೋರ್ಟು ಹೇಳುತ್ತಾಳೆ ಎಂಬ ಸುದ್ದಿ ಹರಡಿತ್ತು. ಅವಧಿ ವಿಸ್ತರಣೆಗೆ ಫೆಬ್ರವರಿಯಲ್ಲೇ ಅರ್ಜಿ ಹಾಕಿದ್ದೆವು, ಉತ್ತರ ಬರಲಿಲ್ಲ. ಮಾರ್ಚ್ 31ಕ್ಕೆ ಪೆಟ್ಟಿಗೆ ಕಟ್ಟಿದೆವು. ಆಮೇಲೆ ಜೂನ್ ತನಕ ಕಂಪ್ಯೂಟರ್ ಮುಂದೆ ಅಂಕಿ ತುಂಬುವುದು, ಬಿಲ್ಲು ಜೋಡಿಸುವುದು.

ಏಪ್ರಿಲ್ ಎರಡನೇ ವಾರ, ಬೆಳಿಗ್ಗೆ ಆರೂವರೆ. ಗೊತ್ತಿರುವ ದನಿ, ಪುನರ್ಪುಳಿ ಪಾನಕ ಕೊಟ್ಟ ಯಜಮಾನರದ್ದು.

"ತಂಗೀ, ಮುಸುವ ಬಿದ್ದಿದೆ. ಈಗಷ್ಟೇ. ಇನ್ನೂ ಉಸಿರಾಡ್ತಾ ಇದ್ದಂಗಿದೆ. ಯಾರನ್ನೂ ಹತ್ರ ಬಿಟ್ಟಿಲ್ಲ, ಆಳುಗಳನ್ನ ವಾಪಸ್ ಕಳ್ಸಿದೀನಿ. ನೀವು ಎಷ್ಟೊತ್ತಿಗೆ ಬರ್ತೀರಿ?"

ನಮ್ಮ ಅನುಮತಿ ಮುಗಿದು ಹನ್ನೆರಡು ದಿನವಾಗಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಮುಟ್ಟಬೇಡಿ, ದೂರ ನಿಲ್ಲಿ, ಎಣ್ಣೆ ಹಚ್ಚಿಕೊಂಡಿದ್ದೀರಾ ಎಂದೆ. ತಾಲೂಕಿನ ಪಶುವೈದ್ಯರ ನಂಬರು, ಆರೋಗ್ಯ ಕೇಂದ್ರದ ನಂಬರು ಕೊಟ್ಟೆ, ನಾನೂ ಇಬ್ಬರಿಗೂ ಫೋನ್ ಮಾಡಿದೆ. ಅವರು ಹನ್ನೊಂದಕ್ಕೆ ಹೋಗಿ ನಿಯಮದಂತೆ ಪರೀಕ್ಷೆಗೆ ಮಾದರಿ ತೆಗೆದು ಸುಟ್ಟರಂತೆ. ನಮ್ಮ ಅಧ್ಯಯನದ ಪಟ್ಟಿಗೆ ಅದು ಸೇರಲಿಲ್ಲ.

ಎಂಟು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು, ರಿಪೋರ್ಟು ಏನಾಯ್ತು ಎಂದು. ನನ್ನ ಹತ್ತಿರ ಇರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಇನ್ನೂ ಕೇಳುತ್ತಿದ್ದೇನೆ.